ಕೋವಿ ಹಿಡಿದ ಕೈಗೆ ಹನ್ನೆರಡು ಸೂತ್ರ

ನಮ್ಮ ಮಲೆನಾಡಿನ ಮನೆಯ ಜಗುಲಿಯ ಮೇಲೆ ಅಂಗಾತ ಮಲಗಿ ಮಾಡು ನೋಡಿದರೆ, ಹೊಗೆ ಹಿಡಿದು ಕಪ್ಪಾದ ಹೆಂಚುಗಳ ನಡುವೆ ಎರಡು ಹೆಂಚು ಮಾತ್ರ ಕೆಂಪಗೆ ಎದ್ದು ಕಾಣುತ್ತಿದ್ದವು. ನಾನು ಹುಟ್ಟುವ ಮೊದಲಿನ ಕತೆ ಅದು. ಸಂಜೆ ತೋಟ ಸುತ್ತಿ ಬಂದ ನೆಂಟರೊಬ್ಬರು ಜೋಡುನಳಿಗೆ ಕೋವಿಯನ್ನು ಗೋಡೆಗೆ ತೂಗುಹಾಕುವ ಮೊದಲು, ಎತ್ತಿದ್ದ ಅದರ ಕುದುರೆಗಳನ್ನು, ಎಂದರೆ ಹ್ಯಾಮರ್‌ಗಳನ್ನು, ಇಳಿಸಲೆಂದು ಟ್ರಿಗರ್ ಒತ್ತಿದರು. ಪಕ್ಕದಲ್ಲಿದ್ದ ದೊಡ್ಡಪ್ಪ ಕೈ ಚಾಚಿ ತಡೆಯುವಷ್ಟರಲ್ಲಿ ಆ ನೆಂಟರ ಬಾಯಿಂದ ಬಂದದ್ದು ಎರಡೇ ಮಾತು: "ಖಾಲಿ ಇದೆ."

ಬಲನಳಿಗೆ ನಿಜಕ್ಕೂ ಖಾಲಿಯಿತ್ತು. ಎಡದ್ದು ಇರಲಿಲ್ಲ. ಜಗುಲಿಯ ಆ ತುದಿಯಲ್ಲಿ ಐದು ಮಂದಿ ಅಡಿಕೆ ಸುಲಿಯುತ್ತ ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ, ಯಾಕೆಂದರೆ ನಳಿಗೆ ಮಾಡಿನ ಕಡೆಗಿತ್ತು. ದೊಡ್ಡಪ್ಪ ಹೊಸ ಹೆಂಚು ಹೊದಿಸಿದರು. ಮಸಿ ಬಳಿದು ಹಳೆಯದರ ಜತೆ ಸೇರಿಸಿಬಿಡೋಣ ಎಂದವರಿಗೆ, "ಬ್ಯಾಡ, ಕಾಣ್ತಾ ಇರ್ಲಿ" ಎಂದರಂತೆ.

ಕೋವಿ ಹಿಡಿಯುವ ವಿದ್ಯೆಯ ಅರ್ಧ ಪಾಠ ಆ ಎರಡು ಹೆಂಚಿನಲ್ಲಿದೆ. ಒಂದು ನಿಯಮ ಮುರಿದರೆ ಮಾಡು ತೂತಾಗುತ್ತದೆ, ಒಟ್ಟಿಗೆ ಎರಡು ಮುರಿದರೆ ಹೆಣ ಬೀಳುತ್ತದೆ. ಒಂದು ತಪ್ಪಿದಾಗ ಇನ್ನೊಂದು ಕೈಹಿಡಿಯಲಿ ಎಂದೇ ನಿಯಮಗಳನ್ನು ಒಂದರ ಮೇಲೊಂದು, ಹೆಂಚು ಹೊದಿಸಿದ ಹಾಗೆ ಹೊದಿಸಿರುವುದು.

ನಮ್ಮ ನಾಡಿನಲ್ಲಿ ಕೋವಿ ಬರೀ ಸಿನಿಮಾದ ವಸ್ತುವಲ್ಲ. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ ಈ ಪದ್ಧತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಉಳಿದ ಮಲೆನಾಡಿನಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಹನ್ನೆರಡು ಬೋರಿನ ಕೋವಿಗಳು ಎಷ್ಟೋ ತೋಟದ ಮನೆಗಳಲ್ಲಿವೆ. ಹನ್ನೆರಡು ಬೋರಿಗೆ ಹನ್ನೆರಡು ಸೂತ್ರ, ಇಗೋ. ಇವುಗಳಲ್ಲಿ ಮೊದಲ ನಾಲ್ಕನ್ನು ಒಟ್ಟುಗೂಡಿಸಿ ಜಗತ್ತಿಗೆಲ್ಲ ಬಾಯಿಪಾಠ ಮಾಡಿಸಿದವರು ಜೆಫ್ ಕೂಪರ್. ಅಮೆರಿಕದ ನೌಕಾ ಪದಾತಿ ದಳದ ಅಧಿಕಾರಿಯಾಗಿದ್ದು, 1976ರಲ್ಲಿ ಅರಿಜೋನಾದಲ್ಲಿ ಗುರಿಶಾಲೆ ತೆರೆದವರು. ಉಳಿದ ಎಂಟು ಆ ನಾಲ್ಕರ ಮಕ್ಕಳು ಮೊಮ್ಮಕ್ಕಳು.

1. ಎಲ್ಲ ಕೋವಿಯಲ್ಲೂ ಈಡಿದೆ

ಅಂಗಡಿಯಿಂದ ಈಗಷ್ಟೇ ತಂದದ್ದು, ಹತ್ತು ವರ್ಷದಿಂದ ಗೋಡೆಯಲ್ಲಿ ತೂಗುತ್ತಿರುವುದು, ನಿಮಿಷದ ಹಿಂದೆ ನೀವೇ ಖಾಲಿ ಮಾಡಿದ್ದು: ಎಲ್ಲವೂ ಈಡು ತುಂಬಿದ ಕೋವಿಗಳೇ. ಕೋವಿ ಕೈಗೆ ಬಂದ ತಕ್ಷಣ ಮುರಿದು, ಎಂದರೆ ನಳಿಗೆ ಬಗ್ಗಿಸಿ ಹಿಂಬದಿ ತೆರೆದು, ನೋಡಿ. ಕೊಡುವವರು ನಿಮ್ಮೆದುರೇ ಈಗಷ್ಟೇ ನೋಡಿದ್ದರೂ ನೀವೂ ನೋಡಿ. ಇದರಿಂದ ಅವರಿಗೆ ಅವಮಾನವೇನೂ ಆಗುವುದಿಲ್ಲ. ನೋಡದೆ ತೆಗೆದುಕೊಂಡರೆ ಅವರು ನಿಮ್ಮ ಬಗ್ಗೆ ಯೋಚಿಸಬೇಕು.

ಮ್ಯಾಗಜೀನ್ ಇರುವ ರೈಫಲ್ ಅಥವಾ ಪಿಸ್ತೂಲಾದರೆ ಕ್ರಮ ಮುಖ್ಯ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆದು ಚೇಂಬರಿನಲ್ಲಿ ಕೂತದ್ದನ್ನು ಹೊರಹಾಕಿ, ಕಡೆಗೆ ಕಣ್ಣಿಟ್ಟು ನೋಡಿ, ಕತ್ತಲಿದ್ದರೆ ಬೆರಳಿಟ್ಟು ಮುಟ್ಟಿ. ಕ್ರಮ ತಲೆಕೆಳಗಾದರೆ ಮೊದಲ ಗುಂಡು ಹೊರಬಿದ್ದ ಜಾಗಕ್ಕೆ ಮ್ಯಾಗಜೀನಿನಿಂದ ಎರಡನೆಯದು ಬಂದು ಕೂರುತ್ತದೆ, ನೀವು ಖಾಲಿ ಮಾಡಿದೆ ಎಂದು ನಂಬಿರುತ್ತೀರಿ.

ಹೆಂಚು ಹಾರಿದ ದಿನದಿಂದ ದೊಡ್ಡಪ್ಪನ ಬಾಯಲ್ಲಿ "ಖಾಲಿ" ಎಂಬ ಮಾತೇ ಬರಲಿಲ್ಲ. ಕೋವಿ ಮುರಿದು, ಹಿಂಬದಿಯಿಂದ ಎರಡೂ ನಳಿಗೆಯಲ್ಲಿ ಆಕಾಶ ನೋಡಿ, "ಬೆಳಕು ಕಾಣ್ತು" ಎನ್ನುತ್ತಿದ್ದರು. ಖಾಲಿ ಎನ್ನುವುದು ನಂಬಿಕೆ. ಬೆಳಕು ಕಾಣಬೇಕಾದರೆ ನೋಡಲೇಬೇಕು.

2. ನಳಿಗೆಯ ಮುಂದೆ ಜೀವ ನಿಲ್ಲಬಾರದು

ಹಾಳಾದರೂ ಸರಿ ಎನ್ನುವ ವಸ್ತುವಿನತ್ತ ಮಾತ್ರ ನಳಿಗೆ ತಿರುಗಿಸಿ. ಮನುಷ್ಯ, ನಾಯಿ, ದನ, ಗೋಡೆಯಾಚೆಗಿನ ಅಡುಗೆಮನೆ, ನಿಮ್ಮದೇ ಪಾದ: ಯಾವುದರ ಮೇಲೂ ಅದು ಒಂದು ಕ್ಷಣ ಹಾದುಹೋಗಬಾರದು. ನಳಿಗೆಯ ತುದಿಯಿಂದ ಉದ್ದಕ್ಕೆ ಕಾದ ಸಲಾಕೆಯೊಂದು ಚಾಚಿದೆ ಎಂದುಕೊಳ್ಳಿ. ಸಂತೆಯಲ್ಲಿ ಅಂಥ ಸಲಾಕೆ ಹಿಡಿದು ಗಿರಕ್ಕನೆ ತಿರುಗುತ್ತೀರಾ?

ಲೆಕ್ಕ ಬೇಕಾದರೆ ಇಲ್ಲಿದೆ. ನಳಿಗೆ ಒಂದೇ ಒಂದು ಡಿಗ್ರಿ ಸರಿದರೆ 57 ಮೀಟರ್ ಆಚೆ ಗುಂಡು ಒಂದು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಸಾಲಾಗಿ ನಡೆಯುವಾಗ ಮುಂದಿನವನ ನಳಿಗೆ ಮುಂದಕ್ಕೆ, ಹಿಂದಿನವನದು ಪಕ್ಕಕ್ಕೋ ಹಿಂದಕ್ಕೋ. ಎಲ್ಲಕ್ಕಿಂತ ಸುಲಭದ ದಾರಿ, ಕೋವಿ ಮುರಿದು ಮೊಣಕೈ ಮೇಲೆ ಹಾಕಿಕೊಂಡು ನಡೆಯುವುದು. ನೂರು ಹೆಜ್ಜೆ ದೂರದಿಂದಲೂ ಎದುರಿನವರಿಗೆ ನೆಮ್ಮದಿ.

3. ಬೆರಳು ಹೊರಗೇ ಇರಲಿ

ಗುರಿ ಕೂರುವ ತನಕ ತೋರುಬೆರಳು ಟ್ರಿಗರಿನ ಬಳೆಯೊಳಗೆ ಹೋಗಕೂಡದು. ಬಳೆಯ ಮೇಲ್ಗಡೆ, ಕೋವಿಯ ಮೈಗೆ ಒರಗಿ ನೇರವಾಗಿ ಮಲಗಿರಲಿ.

ಸಾಮಾನ್ಯ ಬೇಟೆಕೋವಿಯ ಟ್ರಿಗರ್ ಹಿಮ್ಮೆಟ್ಟಲು ಹೆಚ್ಚುಕಡಿಮೆ ಎರಡು ಕಿಲೋ ಭಾರ ಸಾಕು. ಕಾಲು ಜಾರಿದಾಗ, ಪೊದೆಯಿಂದ ಕಾಡುಕೋಳಿ ಬುರ್ರನೆ ಎದ್ದಾಗ, ಎಡಗೈ ಬೇಲಿಗೂಟ ಗಟ್ಟಿಯಾಗಿ ಹಿಡಿದಾಗ ಬಲಗೈ ಕೂಡ ತಾನೇ ಮುಷ್ಟಿ ಕಟ್ಟುತ್ತದೆ. ಆ ಮುಷ್ಟಿಯ ಬಲ ಎರಡು ಕಿಲೋಗಿಂತ ಎಷ್ಟೋ ಹೆಚ್ಚು. ಅಲ್ಲಿ ಮನಸ್ಸಿನ ಅಪ್ಪಣೆ ಕೇಳುವವರಿಲ್ಲ. "ಕೋವಿ ತಾನಾಗಿ ಹಾರಿತು" ಎನ್ನುವ ಹೆಚ್ಚಿನ ಕತೆಗಳಲ್ಲಿ ಒಂದು ಬೆರಳು ಇದ್ದೇ ಇರುತ್ತದೆ.

4. ಗುರಿ ಯಾವುದು, ಗುರಿಯಾಚೆ ಏನು

ನಮ್ಮ ಕಡೆಯ ದುರಂತಗಳ ತೌರು ಈ ಸೂತ್ರ ಮುರಿಯುವುದರಲ್ಲೇ ಇದೆ. ಕಾಫಿ ಗಿಡದ ಸಾಲಿನಲ್ಲಿ ಸರಬರ ಸದ್ದು, ಏನೋ ಕಪ್ಪಗೆ ಅಲುಗಿತು, ಹಂದಿಯೇ ಇರಬೇಕು, ಢಂ! ಹತ್ತಿರ ಹೋಗಿ ನೋಡಿದರೆ ಜತೆಗೆ ಬಂದ ಗೆಳೆಯ. ಸದ್ದಿಗೆ ಹೊಡೆಯಬಾರದು, ನೆರಳಿಗೆ ಹೊಡೆಯಬಾರದು, ಟಾರ್ಚಿಗೆ ಮಿನುಗಿದ ಕಣ್ಣಿಗೂ ಹೊಡೆಯಬಾರದು. ಇಡೀ ಮೈ ಕಂಡು, ಇಂಥದ್ದೇ ಎಂದು ಗುರುತು ಹತ್ತಿದ ಮೇಲಷ್ಟೇ ಕೋವಿ ಭುಜಕ್ಕೆ ಬರಬೇಕು. "ಇರಬೇಕು" ಎಂಬ ಮಾತು ಮನಸ್ಸಿನಲ್ಲಿ ಸುಳಿದರೆ ನಳಿಗೆ ಇಳಿಸಿ.

ಕದ್ದು ಬೇಟೆಗೆ ಹೋಗುವವರ ಗುಂಪಿನಲ್ಲಿ ಇಂಥ ಅನಾಹುತ ಆಗುವುದಕ್ಕೆ ಕಾರಣವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಅಪರಾಧ ಮುಚ್ಚಿಡಲು ಕತ್ತಲು ಬೇಕು, ಮೌನ ಬೇಕು, ಕಪ್ಪು ಬಟ್ಟೆ ಬೇಕು. ಒಬ್ಬ ಎಲ್ಲಿದ್ದಾನೆಂದು ಇನ್ನೊಬ್ಬನಿಗೆ ತಿಳಿಸುವ ಕೂಗು, ದೀಪ, ಬಿಳಿ ಅಂಗಿ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಇನ್ನು ಗುರಿಯಾಚೆಗಿನ ಮಾತು. ತಪ್ಪಿದ ಗುಂಡು ಗಾಳಿಯಲ್ಲಿ ಕರಗುವುದಿಲ್ಲ. ದೊಡ್ಡ ಚರೆಯ ಎಲ್‌ಜಿ ತೋಟಾದ ಒಂದೊಂದು ಉಂಡೆಯೂ ಅರ್ಧ ಕಿಲೋಮೀಟರ್ ದಾಟಬಲ್ಲದು. ಆಟಿಕೆಯಂತೆ ಕಾಣುವ ಪಾಯಿಂಟ್ 22 ರೈಫಲಿನ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗುತ್ತದೆ. ಕೊಡಗಿನಲ್ಲಿ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುವುದನ್ನು ನೋಡಿದವರಿಗೆ ಗೊತ್ತು, ಕಾಯಿ ಎತ್ತರದಲ್ಲಿದ್ದರೆ ಅದರ ಬೆನ್ನಿಗಿರುವುದು ಆಕಾಶ. ಆ ಆಕಾಶದ ಕೆಳಗೆ ಯಾರ ಊರಿದೆ ಎಂದು ಹೊಡೆಯುವ ಮೊದಲೇ ತಿಳಿದಿರಬೇಕು. ಮಣ್ಣಿನ ದಿಬ್ಬ ಬೆನ್ನಿಗಿರುವ ಗುರಿಯೇ ಒಳ್ಳೆಯ ಗುರಿ. ಬಂಡೆಗೂ ನೀರಿಗೂ ಹೊಡೆಯಬೇಡಿ, ಗುಂಡು ಚಿಮ್ಮಿ ದಿಕ್ಕು ಬದಲಿಸುತ್ತದೆ.

5. ಸೇಫ್ಟಿ ಕ್ಯಾಚ್ ಇದೆ ಎಂದು ಮೈಮರೆಯಬೇಡಿ

ನಮ್ಮ ಮನೆಯ ಕುದುರೆ ಕೋವಿಗೆ ಸೇಫ್ಟಿ ಎನ್ನುವುದೇ ಇರಲಿಲ್ಲ. ಇರುವ ಜೋಡುನಳಿಗೆಗಳಲ್ಲೂ ಅದು ಸಾಮಾನ್ಯವಾಗಿ ಟ್ರಿಗರನ್ನಷ್ಟೇ ತಡೆಯುತ್ತದೆ, ಒಳಗೆ ಬಿಗಿದು ನಿಂತ ಸುತ್ತಿಗೆಯನ್ನಲ್ಲ. ಸವೆದ ಕೋವಿ ನೆಲಕ್ಕೆ ಬಡಿದರೆ ಸೇಫ್ಟಿ ಹಾಕಿದ್ದರೂ ಈಡು ಹಾರಬಹುದು. ಸೇಫ್ಟಿ ಹಾಕಿ. ಹಾಕಿದ ಮೇಲೂ ಹಾಕಿಲ್ಲವೆಂದೇ ನಡೆದುಕೊಳ್ಳಿ.

6. ಸಂಕ, ಬೇಲಿ, ಜೀಪು: ಮೊದಲು ತೋಟಾ ತೆಗೆಯಿರಿ

ಮಲೆನಾಡಿನಲ್ಲಿ ಹತ್ತು ನಿಮಿಷ ನಡೆದರೆ ಒಂದು ಸಂಕ, ಒಂದು ಉಣುಗೋಲು, ಒಂದು ಮುಳ್ಳುತಂತಿ ಸಿಗುತ್ತವೆ. ಪಾಚಿ ಹಿಡಿದ ಅಡಿಕೆ ಮರದ ಸಂಕದ ಮೇಲೆ ಎರಡೂ ಕೈ ಚಾಚಿ ನಡೆಯಬೇಕು. ಮೂರನೆಯ ಕೈ ಯಾರಿಗೂ ಇಲ್ಲ. ನಿಂತು, ಕೋವಿ ಮುರಿದು, ತೋಟಾ ಜೇಬಿಗೆ ಹಾಕಿ, ಆಮೇಲೆ ದಾಟಿ.

ಬೇಲಿ ದಾಟುವಾಗ ಇಬ್ಬರಿದ್ದರೆ ಒಬ್ಬ ಮುರಿದ ಕೋವಿಗಳನ್ನು ಹಿಡಿದು ನಿಲ್ಲಲಿ, ಇನ್ನೊಬ್ಬ ದಾಟಲಿ. ಆಚೆ ಹೋದ ಮೇಲೆ ಕೋವಿಯ ಹಿಡಿ ಅವನತ್ತ ಮಾಡಿ ಕೊಡಿ. ಒಬ್ಬರೇ ಇದ್ದರೆ ಖಾಲಿ ಕೋವಿಯನ್ನು ತಂತಿಯ ಅಡಿಯಿಂದ ನೆಲದ ಮೇಲೆ ಸರಿಸಿ, ನಳಿಗೆ ನಿಮ್ಮಿಂದ ದೂರಕ್ಕಿರಲಿ, ನೀವು ಬೇರೆ ಕಡೆ ದಾಟಿ ಬಂದು ಎತ್ತಿಕೊಳ್ಳಿ. ನಳಿಗೆಯ ತುದಿ ಹಿಡಿದು ಕೋವಿಯನ್ನು ತಮ್ಮತ್ತ ಎಳೆದುಕೊಂಡವರು ಆ ಕತೆ ಹೇಳಲು ಉಳಿಯುವುದು ಕಡಿಮೆ. ಜೀಪಿಗೂ ಇದೇ ಮಾತು. ಗುಂಡಿ ಬಿದ್ದ ದಾರಿಯಲ್ಲಿ ಸೀಟಿನ ಸಂದಿಗೆ ಸಿಕ್ಕಿಸಿದ ತುಂಬಿದ ಕೋವಿ ಯಾರ ಮಾತೂ ಕೇಳುವುದಿಲ್ಲ.

7. ನಳಿಗೆ ನೋಡಿ, ತೋಟಾ ನೋಡಿ

ಹೊಡೆಯುವ ಮೊದಲು ನಳಿಗೆ ನಿಚ್ಚಳವಾಗಿರಬೇಕು. ಮಳೆಗಾಲ ಕಳೆದ ಮೇಲೆ ಗೋಡೆಯಿಂದ ಇಳಿಸಿದ ಕೋವಿಯೊಳಗೆ ಕಣಜದ ಮಣ್ಣುಗೂಡು ಇರಬಹುದು, ಎಣ್ಣೆಯ ಬಟ್ಟೆಚೂರು ಉಳಿದಿರಬಹುದು, ಜಾರಿಬಿದ್ದಾಗ ತುದಿಗೆ ಕೆಸರು ಮೆತ್ತಿರಬಹುದು. ಕೈಲ್ ಪೊಳ್ದ್ ಹಬ್ಬದ ದಿನ ಕೊಡಗಿನ ಮನೆಗಳಲ್ಲಿ ಕೋವಿಗಳನ್ನು ಪೂಜೆಗಿಟ್ಟು ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೆಂಪು ಹಳದಿ ಎಸಳಿನ, ಬೆಂಕಿಯ ನಾಲಗೆಯಂಥ ಹೂ. ನೋಡಲು ಕಣ್ಣಿಗೆ ಹಬ್ಬ. ಪೂಜೆ ಮುಗಿದು ಕೋವಿ ಬಯಲಿಗೆ ಬರುವ ಮೊದಲು ತೊಟ್ಟಿನ ಚೂರು ಕೂಡ ಒಳಗೆ ಉಳಿದಿಲ್ಲವೆಂದು ನೋಡುವುದೂ ಪೂಜೆಯ ಭಾಗವೇ. ಅಡ್ಡ ಸಿಕ್ಕಿದ ನಳಿಗೆಯಲ್ಲಿ ಈಡು ಹಾರಿದರೆ ಉಕ್ಕು ಬಾಳೆಸಿಪ್ಪೆಯ ಹಾಗೆ ಸುಲಿದು ಬರುತ್ತದೆ.

ತೋಟಾದ್ದು ಇನ್ನೊಂದು ಕತೆ. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನದಕ್ಕಿಂತ ಸಣ್ಣದು. ಕತ್ತಲಲ್ಲಿ ಜೇಬಿನಿಂದ ತೆಗೆದು ಹನ್ನೆರಡು ಬೋರಿಗೆ ಹಾಕಿದರೆ ಅದು ಜಾರಿ ನಳಿಗೆಯ ಮುಂಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಏನೂ ಆಗುವುದಿಲ್ಲ. "ತೋಟಾ ಹಾಕೋದೇ ಮರೆತೆ" ಎಂದುಕೊಂಡು ಅದರ ಹಿಂದೆ ಹನ್ನೆರಡರದ್ದನ್ನು ಹಾಕಿ ಒತ್ತಿದರೆ ಎಡಗೈ ಹಿಡಿದ ಜಾಗದಲ್ಲೇ ನಳಿಗೆ ಸಿಡಿಯುತ್ತದೆ. ಇಪ್ಪತ್ತು ಬೋರಿನದಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕೇ. ಒಂದು ಜೇಬಿನಲ್ಲಿ ಒಂದೇ ಬೋರು. ಅಜ್ಜನ ಕಾಲದ ಕೋವಿಯಾದರೆ ಈಗಿನ ತೋಟಾ ತಾಳುತ್ತದೆಯೇ ಎಂದು ಕೋವಿ ರಿಪೇರಿ ಬಲ್ಲವರಿಗೆ ತೋರಿಸದೆ ಮುಟ್ಟಬೇಡಿ.

8. ಈಡು ಹಾರದಿದ್ದರೆ ಮೂವತ್ತು ಎಣಿಸಿ

ನಮ್ಮ ಮಳೆಗೆ ತೋಟಾ ತಂಡಿ ಹಿಡಿಯುವುದು ಹೊಸದಲ್ಲ. ಟ್ರಿಗರ್ ಒತ್ತಿದಿರಿ, ಬರೀ "ಟಕ್" ಎಂದಿತು. ಕೂಡಲೇ ಕೋವಿ ಮುರಿಯಬೇಡಿ, ತಿರುಗಿಸಿ ನೋಡಬೇಡಿ. ನಳಿಗೆ ಇದ್ದ ಕಡೆಗೇ ಇರಲಿ, ಮನಸ್ಸಿನಲ್ಲಿ ಮೂವತ್ತು ಸೆಕೆಂಡ್ ಎಣಿಸಿ. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಆಮೇಲೆ ಮುಖ ಪಕ್ಕಕ್ಕೆ ಸರಿಸಿ ನಿಧಾನ ತೆರೆಯಿರಿ.

ಅದಕ್ಕಿಂತ ಮೋಸದ್ದು "ಟುಸ್" ಎಂಬ ಸಪ್ಪೆ ಸದ್ದು. ಗುಂಡು ಅಥವಾ ಬಿರಡೆ ನಳಿಗೆಯ ಮಧ್ಯದಲ್ಲೇ ನಿಂತಿರಬಹುದು. ಬಿಚ್ಚಿ, ಬೆಳಕು ಕಾಣುವ ತನಕ ಎರಡನೆಯ ಈಡಿನ ಮಾತೇ ಬೇಡ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯವರು ಇನ್ನೂ ಒಂದು ನೆನಪಿಡಿ: ಹೊಡೆದ ಬೆನ್ನಿಗೇ ಮದ್ದು ಸುರಿಯಬೇಡಿ, ಒಳಗೆ ಕಿಡಿ ಉಳಿದಿರುತ್ತದೆ.

9. ಕಿವಿ, ಕಣ್ಣು, ಕೈ

ಹನ್ನೆರಡು ಬೋರಿನ ಸದ್ದು 150 ಡೆಸಿಬೆಲ್ ಆಸುಪಾಸು. 140 ದಾಟಿದ ಒಂದೇ ಒಂದು ಸ್ಫೋಟ ಕಿವಿಗೆ ಶಾಶ್ವತ ಪೆಟ್ಟು ಕೊಡಬಲ್ಲದು. ನಮ್ಮೂರ ಹಳೆಯ ಶಿಕಾರಿಗಳೆಲ್ಲ ಎರಡು ಸಲ ಕರೆದ ಮೇಲಷ್ಟೇ ಓಗೊಡುತ್ತಿದ್ದುದು ಗತ್ತಿನಿಂದಲ್ಲ. ಗುರಿ ಅಭ್ಯಾಸಕ್ಕೆ ಕಿವಿಗೆ ಇಯರ್‌ಮಫ್, ಕಣ್ಣಿಗೆ ಕನ್ನಡಕ. ಮುಗಿದ ಮೇಲೆ ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಬೆರಳಿಗೆ ಅಂಟಿದ್ದು ಸೀಸ.

10. ಗುಂಡಿನ ದಿನ ಗುಂಡಿಲ್ಲ

ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಅದಕ್ಕೇ ಒಂದಿದ್ದಲ್ಲಿ ಇನ್ನೊಂದು ಇರಬಾರದು. ಒಂದು ಪೆಗ್ ಏರಿದ ಮೇಲೆ ಕೋವಿ ಬೀರುವಿನಿಂದ ಹೊರಬರುವುದು ಬೇಡ. ನಿದ್ದೆಗೆಟ್ಟ ದಿನಕ್ಕೂ ಮಂಪರು ತರುವ ಮಾತ್ರೆ ನುಂಗಿದ ದಿನಕ್ಕೂ ಇದೇ ನಿಯಮ.

ಮದುವೆ ದಿಬ್ಬಣದಲ್ಲಿ, ಚುನಾವಣೆ ಗೆದ್ದ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ ಕಾನೂನಿನ ಉತ್ತರವೂ ಇದೆ. 2019ರಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆಯಂತೆ, ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕು, ಬರುವಾಗ ತಲೆಬುರುಡೆ ತೂತು ಮಾಡುವಷ್ಟು ವೇಗ ಅದಕ್ಕಿರಬಹುದು. ಸಂಭ್ರಮಕ್ಕೆ ಗರ್ನಾಲು ಸಾಲದೇ?

11. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ

ಜಗುಲಿಯ ಗೋಡೆಯಲ್ಲಿ ಕೋವಿ ತೂಗಿದರೆ ಮನೆಗೊಂದು ಕಳೆ ಎನ್ನುವ ಕಾಲ ಹೋಯಿತು. ಕೋವಿಗೆ ಬೀಗವಿರುವ ಉಕ್ಕಿನ ಬೀರು, ತೋಟಾಗಳಿಗೆ ಬೇರೆ ಕಡೆ ಬೇರೆ ಬೀಗ, ಎರಡು ಕೀಲಿಯೂ ನಿಮ್ಮ ಬಳಿ. ಅಕ್ಕಿ ಡಬ್ಬದ ಹಿಂದೆ, ದೇವರ ಫೋಟೋದ ಹಿಂದೆ ಇಟ್ಟ ಕೀಲಿ ಮಕ್ಕಳಿಗೆ ನಿಮಗಿಂತ ಮೊದಲು ಗೊತ್ತಿರುತ್ತದೆ. "ಅದು ಬರೀ ಏರ್‌ಗನ್" ಎಂದು ಹುಡುಗರ ಕೈಗೆ ಬಿಟ್ಟುಕೊಡಬೇಡಿ. 4.5 ಮಿಲಿಮೀಟರಿನ ಆ ಸೀಸದ ಚೂರು ಕಣ್ಣು ಕಳೆಯಬಲ್ಲದು.

ಇನ್ನೊಂದು ಮಾತು ಮೆಲ್ಲಗೆ ಹೇಳಬೇಕು. ಸಾಲದ ನೋಟಿಸು, ಬೆಳೆ ನಷ್ಟ, ಸಾವು, ಕುಡಿತ: ಮನೆಯವರಲ್ಲಿ ಯಾರಾದರೂ ಮಂಕಾಗಿ, ಮಾತು ಕಡಿಮೆ ಮಾಡಿದ್ದರೆ ಕೋವಿ ಮನೆಯಲ್ಲಿ ಇರುವುದೇ ಬೇಡ. ಪೊಲೀಸ್ ಠಾಣೆಯನ್ನೋ ಪರವಾನಗಿ ಇರುವ ಕೋವಿ ಅಂಗಡಿಯನ್ನೋ ಕೇಳಿ ಕೆಲವು ತಿಂಗಳು ಅಲ್ಲಿಡುವ ವ್ಯವಸ್ಥೆ ಮಾಡಿಕೊಳ್ಳಿ. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ರಸೀದಿ ತರುವುದು ನಮಗೆ ರೂಢಿಯಿದೆ. ಸರ್ಕಾರಕ್ಕಾಗಿ ಮಾಡುವುದನ್ನು ಮನೆಯವರಿಗಾಗಿ ಮಾಡಲು ಸಂಕೋಚವೇಕೆ? ಎಂಥ ಕೆಟ್ಟ ಗಳಿಗೆಯೂ ಕಳೆದುಹೋಗುತ್ತದೆ, ಅದು ಕಳೆಯುವಷ್ಟು ಹೊತ್ತು ಕೈಗೆ ಕೋವಿ ಸಿಗಬಾರದು.

12. ತಪ್ಪು ಕಂಡರೆ ವಯಸ್ಸು ನೋಡಬೇಡಿ

2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕೆನ್ನುತ್ತವೆ. ಪ್ರಮಾಣಪತ್ರ ಒಂದೇ ಸಲ ಬರುತ್ತದೆ, ಕೈಯ ಅಭ್ಯಾಸ ದಿನಾ ಸವೆಯುತ್ತದೆ. ಸವೆದದ್ದು ಹಿಡಿದವನಿಗೆ ಕಾಣುವುದಿಲ್ಲ, ಪಕ್ಕದವನಿಗೆ ಕಾಣುತ್ತದೆ. ಗುರಿ ಅಭ್ಯಾಸದ ಮೈದಾನಗಳಲ್ಲಿ ಅಪಾಯ ಕಂಡ ಯಾರು ಬೇಕಾದರೂ "ನಿಲ್ಲಿಸಿ" ಎಂದು ಕೂಗಬಹುದು, ಕೇಳಿದ ಕೂಡಲೇ ಎಲ್ಲರೂ ನಿಲ್ಲಿಸಬೇಕು. ಒಲಿಂಪಿಕ್ಸ್ ಮಟ್ಟದ ಶೂಟರ್ ಕೂಡ ಹೊಡೆಯದಿರುವಾಗ ತನ್ನ ರೈಫಲಿನ ಚೇಂಬರಿಗೆ ಎದ್ದು ಕಾಣುವ ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಿಡಲೇಬೇಕು. ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲಿಗೂ ಇಂದು ಅದೇ ನಿಯಮ. ಪದಕ ಎಷ್ಟೇ ಇರಲಿ, ಚೇಂಬರ್ ಖಾಲಿ ಇರುವುದು ಬೇರೆಯವರ ಕಣ್ಣಿಗೂ ಕಾಣಬೇಕು.

ನನಗಾಗ ಹನ್ನೆರಡು ವರ್ಷ. ಆಷಾಢದ ಮಳೆ ಬಿಟ್ಟ ಒಂದು ಬೆಳಿಗ್ಗೆ ದೊಡ್ಡಪ್ಪನ ಹಿಂದೆ ತೋಟಕ್ಕೆ ಹೊರಟಿದ್ದೆ. ಮಂಗಗಳ ಕೂಗು ಕೇಳಿಸುತ್ತಿತ್ತು, ಅವರ ಗಮನವೆಲ್ಲ ಆ ಕಡೆ. ಸಂಕಕ್ಕೆ ಒಂದು ಕಾಲು ಇಟ್ಟೂಬಿಟ್ಟಿದ್ದರು. ಕೋವಿ ಮುರಿದಿರಲಿಲ್ಲ. "ದೊಡ್ಡಪ್ಪ, ತೋಟಾ..." ಎಂದೆ. ಗಂಟಲು ಒಣಗಿತ್ತು. ಆ ಮನೆಯಲ್ಲಿ ಅವರ ತಪ್ಪು ಎತ್ತಿ ಆಡಿದವರನ್ನು ನಾನು ನೋಡಿರಲಿಲ್ಲ.

ಅವರು ಕಾಲು ಹಿಂದೆಗೆದರು. ಕೋವಿ ಮುರಿದು ಎರಡೂ ತೋಟಾ ತೆಗೆದು ನನ್ನ ಅಂಗೈಯಲ್ಲಿಟ್ಟರು. ಹಿತ್ತಾಳೆಯ ಬುಡ ತಣ್ಣಗಿತ್ತು, ನಾನೆಣಿಸಿದ್ದಕ್ಕಿಂತ ಭಾರವಿತ್ತು. ಒಂದು ಮಾತೂ ಆಡದೆ ಸಂಕ ದಾಟಿದರು. ಸಂಜೆ ಮನೆಗೆ ಬಂದು ಎಂದಿನಂತೆ ಕೋವಿ ಮುರಿದವರು ತಾವು ನೋಡಲಿಲ್ಲ, ನನ್ನತ್ತ ಚಾಚಿದರು. "ನೋಡೋ" ಎಂದರು.

ಜಗುಲಿಯಾಚೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಎರಡು ನಳಿಗೆಯ ತುದಿಯಲ್ಲಿ ಎರಡು ನಾಲ್ಕಾಣೆಯಷ್ಟು ಆಕಾಶ.

"ಬೆಳಕು ಕಾಣ್ತು" ಎಂದೆ. ಆಮೇಲೆ ಅವರೂ ಬಗ್ಗಿ ನೋಡಿದರು.